ಡಿಗ್ರಿ ನೋಡ್ಬೇಡಿ, ಸೆಕೆಂಡ್ ಎಣಿಸಿ: ಹಡಗು ವಾಲೋದ್ರ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಲಿ ಮರ್ಚೆಂಟ್ ನೇವಿ ಕೆಲಸದ ಬಗ್ಗೆ ಎರಡು ಪ್ಯಾರಾ ಬರೆದಿದ್ದೆ ಅಷ್ಟೇ, ಅದಕ್ಕೆ ಬಂದ ಪತ್ರ, ವಾಟ್ಸಾಪ್ ಮೆಸೇಜು ನೋಡಿದ್ರೆ ಮೈಸೂರು ಮಂಡ್ಯದೋರಿಗೆ ಸಮುದ್ರದ ಮೇಲೆ ಇಷ್ಟೊಂದು ಕುತೂಹಲ ಇದ್ಯಾ ಅನ್ನಿಸ್ತು. ಅರ್ಧಕ್ಕರ್ಧ ಜನ ಕೇಳಿರೋದು ಒಂದೇ ಪ್ರಶ್ನೆ, ಗಾಳಿ ಅಲೆಗೆ ಹಡಗು ಮಗುಚುತ್ತಾ ಅಂತ. 2025ರ ಮೇ 24ಕ್ಕೆ ಕೊಚ್ಚಿ ಹತ್ರ ಎಮ್‌ಎಸ್‌ಸಿ ಎಲ್ಸಾ 3 ಒಂದ್ ಕಡೆಗೆ ವಾಲಿ, ಮಾರನೇ ದಿನ 640 ಕಂಟೇನರ್ ಸಮೇತ ಮುಳುಗ್ತಲ್ಲ (24 ಜನ ಸಿಬ್ಬಂದಿನೂ ಬಚಾವಾದ್ರು), ಟೀವಿಲಿ ಅದನ್ನ ನೋಡಿದ್ದು ಎಲ್ಲರ ತಲೇಲೂ ಉಳ್ಕೊಂಡಿದೆ ಅನ್ಸುತ್ತೆ. ಹಾಗಾಗಿ ಈ ಸಲ ಪೂರ್ತಿ ಕಾಲಂ ಇದಕ್ಕೇ. ಸೈಟು, ಸಾಲ, ಸಕ್ಕರೆ ಕಾಯಿಲೆ ಪ್ರಶ್ನೆಗಳೆಲ್ಲ ಮುಂದಿನ ಸಲಕ್ಕೆ ಇರ್ಲಿ.

ಪ್ರಶ್ನೆ: ನಮಸ್ಕಾರ ಸಾರ್. ನನ್ನ ಮಗ ಡೆಕ್ ಕೆಡೆಟ್ ಆಗಿ ಹಡಗಿಗೆ ಸೇರಿದಾನೆ. ಮೊನ್ನೆ ಒಂದು ವಿಡಿಯೋ ಕಳ್ಸಿದ್ದ, ಊಟದ ಟೇಬಲ್ ಮೇಲಿಂದ ತಟ್ಟೆ ಲೋಟ ಎಲ್ಲ ಜಾರಿ ಬೀಳ್ತಿದೆ, ಇವನು ನಗ್ತಾ "25 ಡಿಗ್ರಿ ವಾಲ್ತಮ್ಮ" ಅಂತಾನೆ. ಅವತ್ತಿಂದ ನಂಗೆ ನಿದ್ದೆ ಇಲ್ಲ. ಅಷ್ಟು ವಾಲಿದ್ರೆ ಮಗುಚ್ಕೊಳಲ್ವಾ? ಮನೆಗೆ ವಾಪಸ್ ಬಾ ಅನ್ಲಾ?
(ಒಬ್ಬ ತಾಯಿ, ಮದ್ದೂರು)

ಉತ್ತರ: ಮಗುಚಲ್ಲಮ್ಮ, ನೀವು ಮೊದ್ಲು ನೆಮ್ಮದಿಯಾಗಿ ಮಲ್ಕೊಳಿ. ಮಗನ್ನೂ ವಾಪಸ್ ಕರೀಬೇಡಿ.

25 ಡಿಗ್ರಿ ಅಂದ್ರೆ ಒಳಗಿರೋರಿಗೆ ಗೋಡೆ ಮೇಲೆ ನಡೆದಂಗೆ ಅನ್ಸುತ್ತೆ ನಿಜ, ಅಡುಗೆ ಭಟ್ಟರು ಸಾಂಬಾರ್ ಪಾತ್ರೆ ಹಿಡ್ಕೊಂಡು ಶಾಪ ಹಾಕ್ತಾ ಇರ್ತಾರೆ, ಕಟ್ಟಿ ಹಾಕದೇ ಇರೋ ಪ್ರತಿಯೊಂದು ಸಾಮಾನೂ ಓಡಾಡುತ್ತೆ, ಆದ್ರೆ ಹಡಗಿಗೆ ಅದು ದೊಡ್ಡ ವಿಷಯ ಅಲ್ಲ. ಹೇಗೆ ಅಂತ ಹೇಳ್ತೀನಿ ಕೇಳಿ. ಹಡಗಿನ ಒಟ್ಟು ಭಾರ ಒಂದು ಬಿಂದುವಿಂದ ಕೆಳಕ್ಕೆ ಎಳೆಯುತ್ತೆ, ಅದನ್ನ ನಾವು ಜಿ ಅಂತೀವಿ. ನೀರು ಹಡಗನ್ನ ಮೇಲಕ್ಕೆ ತಳ್ಳೋದು ಮುಳುಗಿರೋ ಭಾಗದ ನಟ್ಟನಡುವಿಂದ, ಅದು ಬಿ. ಹಡಗು ಬಲಕ್ಕೆ ವಾಲಿದ್ರೆ ಬಲಗಡೆ ಭಾಗ ಜಾಸ್ತಿ ನೀರೊಳಗೆ ಹೋಗುತ್ತೆ, ಆಗ ಬಿ ಅನ್ನೋದು ಬಲಕ್ಕೆ ಸರಿಯುತ್ತೆ, ಜಿ ಮಾತ್ರ ಇದ್ದಲ್ಲೇ ಇರುತ್ತೆ (ಒಳಗಿನ ಸಾಮಾನು ಅಲುಗಾಡದೇ ಇದ್ರೆ! ಈ ಮಾತು ನೆನಪಿಟ್ಕೊಳಿ, ಆಮೇಲೆ ಬೇಕಾಗುತ್ತೆ). ಈಗ ಮೇಲಕ್ಕೆ ತಳ್ಳೋ ಬಲ ಬಲಗಡೆ ಇದೆ, ಕೆಳಕ್ಕೆ ಎಳೆಯೋದು ನಡುವಲ್ಲಿದೆ, ಎರಡೂ ಸೇರಿ ಹಡಗನ್ನ ಎತ್ತಿ ನೆಟ್ಟಗೆ ನಿಲ್ಲಿಸ್ತವೆ. ವಾಲಿದಷ್ಟೂ ಈ ಎತ್ತೋ ಶಕ್ತಿ ಜಾಸ್ತಿ ಆಗ್ತಾ ಹೋಗುತ್ತೆ, ಒಂದು ಹಂತದ ಮೇಲೆ ಕಮ್ಮಿ ಆಗೋಕೆ ಶುರುವಾಗುತ್ತೆ, ಇನ್ನೂ ಮುಂದಕ್ಕೆ ಹೋದ್ರೆ ಸೊನ್ನೆ ಆಗುತ್ತೆ. ಆ ಸೊನ್ನೆ ದಾಟಿದ್ರೆ ಮಾತ್ರ ಮಗುಚೋದು. ಸರಿಯಾಗಿ ಲೋಡ್ ಮಾಡಿರೋ ಎಷ್ಟೋ ಸರಕು ಹಡಗುಗಳಲ್ಲಿ ಅದು 60 ಡಿಗ್ರಿ ಆಚೆ ಇರುತ್ತೆ. ಎತ್ತೋ ಶಕ್ತಿಯ ತುತ್ತತುದಿ 25 ಡಿಗ್ರಿಗಿಂತ ಮುಂಚೆ ಬರ್ಲೇಬಾರ್ದು ಅಂತ ಅಂತಾರಾಷ್ಟ್ರೀಯ ನಿಯಮಾನೇ ಇದೆ, ಅಂದ್ರೆ ನಿಮ್ಮ ಮಗನ ತಟ್ಟೆ ಜಾರೋ ಹೊತ್ತಲ್ಲಿ ಹಡಗಿಗೆ ವಾಪಸ್ ಎದ್ದೇಳೋ ತಾಕತ್ತು ಇನ್ನೂ ಏರ್ತಾನೇ ಇರುತ್ತೆ.

ಇನ್ನೊಂದು ವಿಷಯ. ಭಾರ ನೀರು ತಳ್ಳೋ ಜಾಗಕ್ಕಿಂತ ಕೆಳಗಿದ್ರೆ ಮಾತ್ರ ಹಡಗು ನಿಲ್ಲುತ್ತೆ ಅಂತ ಬಹಳ ಜನ ತಿಳ್ಕೊಂಡಿದಾರೆ, ಮೇಷ್ಟ್ರುಗಳೂ ಹಾಗೇ ಹೇಳ್ಕೊಡ್ತಾರೆ. ಹಾಗಿಲ್ಲ. ಹೆಚ್ಚಿನ ಸರಕು ಹಡಗುಗಳಲ್ಲಿ ಜಿ ಅನ್ನೋದು ಬಿಗಿಂತ ಮೇಲೇ ಇರುತ್ತೆ. ಅದು ಇನ್ನೊಂದು ಬಿಂದುವಿಗಿಂತ ಕೆಳಗಿದ್ರೆ ಸಾಕು, ಅದರ ಹೆಸರು ಮೆಟಾಸೆಂಟರ್. ಹಡಗು ಸ್ವಲ್ಪ ವಾಲಿದಾಗ ನೀರು ತಳ್ಳೋ ಗೆರೆ ಹಡಗಿನ ನಡುಗೆರೆನ ಎಲ್ಲಿ ದಾಟುತ್ತೋ ಅದೇ ಆ ಬಿಂದು. 1746ರಲ್ಲಿ ಪಿಯರ್ ಬೂಗೆ ಅನ್ನೋ ಫ್ರೆಂಚ್ ವಿಜ್ಞಾನಿ ಇದನ್ನ ಪುಸ್ತಕದಲ್ಲಿ ವಿವರಿಸಿದ್ರು. ಜಿಯಿಂದ ಅಲ್ಲಿಗೆ ಇರೋ ಎತ್ತರಕ್ಕೆ ಜಿಎಮ್ ಅಂತಾರೆ, ಹಡಗಿನ ಚೀಫ್ ಆಫೀಸರ್ ದಿನಾ ಬೆಳಗ್ಗೆ ಎದ್ದು ಯೋಚ್ನೆ ಮಾಡೋದು ಇದರ ಬಗ್ಗೇನೇ.

ಮಗ ಮುಂದಿನ ಸಲ ಫೋನ್ ಮಾಡಿದಾಗ ಎಷ್ಟು ಡಿಗ್ರಿ ಅಂತ ಕೇಳ್ಬೇಡಿ. ಒಂದ್ ಕಡೆಯಿಂದ ಹೊರಟು ಇನ್ನೊಂದ್ ಕಡೆ ವಾಲಿ ಮತ್ತೆ ಅಲ್ಲಿಗೇ ಬರೋಕೆ ಎಷ್ಟು ಸೆಕೆಂಡ್ ಆಗುತ್ತೆ ಅಂತ ಕೇಳಿ. ಹಡಗಿನ ಆರೋಗ್ಯ ಇರೋದು ಅದ್ರಲ್ಲಿ. ಯಾಕೆ ಅಂತ ಮುಂದಿನ ಉತ್ತರದಲ್ಲಿ ಬರುತ್ತೆ. ಹಾಂ, ಮೆಟ್ಟಿಲು ಹತ್ತುವಾಗ ಇಳಿವಾಗ ಒಂದು ಕೈ ರೇಲಿಂಗ್ ಮೇಲೇ ಇರ್ಲಿ ಅಂತ ಹೇಳಿ, ಹಡಗು ವಾಲಿದ್ದಕ್ಕೆ ಕೈಕಾಲು ಮುರ್ಕೊಂಡೋರು ಮುಳುಗಿದೋರಿಗಿಂತ ಜಾಸ್ತಿ ಜನ ಇದಾರೆ ಅಂತ ನನ್ನ ಅನುಭವಕ್ಕೆ ಅನ್ಸುತ್ತೆ.

ಪ್ರಶ್ನೆ: ಸಾ, ನಾವು ಕಬ್ಬು ಹೊಡೆಯೋರು. ಟ್ರೇಲರ್ ಮ್ಯಾಕೆ ಲೋಡ್ ಎತ್ತರ ಆದ್ರೆ ಫ್ಯಾಕ್ಟ್ರಿ ತಿರುವಲ್ಲಿ ಎದೆ ಡವಡವ ಅಂತದೆ, ಅದ್ಕೆ ಭಾರ ಕೆಳಗಿದ್ದಷ್ಟೂ ವಾಸಿ ಅಂತ ನಮ್ಗೊತ್ತು. ಹಡಗಲ್ಲೂ ಭಾರ ಎಲ್ಲಾನೂವೆ ತಳಕ್ಕೆ ಹಾಕ್ಬುಟ್ರೆ ಅಲ್ಲಾಡೋದೇ ಇಲ್ವಲ್ಲ, ಅದ್ಯಾಕೆ ಮಾಡಕಿಲ್ಲ?
(ಟ್ರ್ಯಾಕ್ಟರ್ ಮಾಲೀಕರು, ಮಂಡ್ಯ)

ಉತ್ತರ: ಅಣ್ಣ, ಅರ್ಧ ಸರಿಯಾಗೇ ಹೇಳಿದೀರ. ಎತ್ತರದ ಕಬ್ಬಿನ ಲೋಡಿಗೂ ಡೆಕ್ ಮೇಲೆ ಕಂಟೇನರ್ ಪೇರಿಸಿರೋ ಹಡಗಿಗೂ ಭಯ ಒಂದೇ. ಆದ್ರೆ ನಿಮ್ಮ ರಸ್ತೆ ಸುಮ್ನೆ ಬಿದ್ದಿರುತ್ತೆ, ಸಮುದ್ರ ಸುಮ್ನೆ ಇರಲ್ವಲ್ಲ, ಅಲ್ಲೇ ಲೆಕ್ಕ ತಪ್ಪೋದು.

ಭಾರ ಎಲ್ಲ ತಳಕ್ಕೆ ಹಾಕಿದ್ರೆ ಜಿಎಮ್ ಬಹಳ ಜಾಸ್ತಿ ಆಗುತ್ತೆ. ಆಗ ಹಡಗು ನೆಟ್ಟಗೆ ನಿಲ್ಲಲ್ಲ, ನೀರಿನ ಮೈಗೆ ಅಂಟ್ಕೊಂಡು ನಿಲ್ಲುತ್ತೆ. ಅಲೆ ಇಳಿಜಾರಾದ್ರೆ ಹಡಗೂ ಇಳಿಜಾರು, ಅಲೆ ದಾಟಿದ ತಕ್ಷಣ ಪಟ್ ಅಂತ ಆ ಕಡೆಗೆ ಇಳಿಜಾರು. ಇಂಥ ಹಡಗಿಗೆ ನಾವು ಸ್ಟಿಫ್ ಅಂತೀವಿ. ಕಬ್ಬಿಣದ ಅದಿರು ತುಂಬಿದ ಹಡಗಲ್ಲಿ ಇದನ್ನ ಚೆನ್ನಾಗಿ ಅನುಭವಿಸ್ಬೋದು, ಅದಿರು ಭಾರಿ ತೂಕ, ಜಾಗ ಕಮ್ಮಿ ಸಾಕು, ಹಾಗಾಗಿ ಎಲ್ಲ ತಳದಲ್ಲೇ ಕೂತಿರುತ್ತೆ, ರಾತ್ರಿಯೆಲ್ಲ ಹಾಸಿಗೆಯಿಂದ ಎತ್ತಿ ಎತ್ತಿ ಒಗೆಯುತ್ತೆ. ದೊಡ್ಡ ಬಲ್ಕ್ ಹಡಗುಗಳಲ್ಲಿ ಅದಿರನ್ನ ಒಂದು ಹೋಲ್ಡ್ (ಸರಕು ತುಂಬೋ ಕೋಣೆ) ಬಿಟ್ಟು ಒಂದು ಹೋಲ್ಡಿಗೆ ತುಂಬೋ ಪದ್ಧತಿ ಬಂದಿದ್ದಕ್ಕೆ ಇದೂ ಒಂದು ಕಾರಣ, ಹಾಗೆ ಮಾಡಿದ್ರೆ ರಾಶಿ ಎತ್ತರ ಆಗುತ್ತೆ, ಜಿ ಸ್ವಲ್ಪ ಮೇಲೆ ಬರುತ್ತೆ, ಹಡಗು ಮೆತ್ತಗಾಗುತ್ತೆ. ನೋಡಿ, ನೀವು ಭಾರ ಕೆಳಗಿಳಿಸೋಕೆ ಒದ್ದಾಡ್ತೀರ, ಅಲ್ಲಿ ಬೇಕೂಂತಲೇ ಮೇಲೇರಿಸ್ತಾರೆ.

ಸೆಕೆಂಡಿನ ಲೆಕ್ಕ ಈಗ ಬರುತ್ತೆ. ಒಂದು ಸರಳ ಸೂತ್ರ ಇದೆ: ಹಡಗಿನ ಅಗಲವನ್ನ ಮೀಟರಲ್ಲಿ ತಗೊಂಡು 0.8ರಿಂದ ಗುಣಿಸಿ, ಜಿಎಮ್‌ನ ವರ್ಗಮೂಲದಿಂದ ಭಾಗಿಸಿ. ಬರೋದು ಒಂದು ಪೂರ್ತಿ ತೂಗಾಟಕ್ಕೆ ಆಗೋ ಸೆಕೆಂಡ್. ಅಂದಾಜಿನ ಲೆಕ್ಕ, ಆದ್ರೂ ಕೆಲಸಕ್ಕೆ ಬರುತ್ತೆ. 32 ಮೀಟರ್ ಅಗಲದ ಹಡಗು ಅಂತಿಟ್ಕೊಳಿ. ಜಿಎಮ್ 6 ಮೀಟರ್ ಇದ್ರೆ ಸುಮಾರು 10 ಸೆಕೆಂಡು, ಅಂದ್ರೆ ಬಡಿದಾಟ. 2 ಮೀಟರ್ ಇದ್ರೆ 18 ಸೆಕೆಂಡು, ಹಾಯಾಗಿರುತ್ತೆ. 1 ಮೀಟರ್ ಇದ್ರೆ 25 ಸೆಕೆಂಡ್ ದಾಟುತ್ತೆ. ಅಷ್ಟು ನಿಧಾನಕ್ಕೆ ತೂಗೋ ಹಡಗಿಗೆ ಟೆಂಡರ್ ಅಂತೀವಿ, ಪ್ಯಾಸೆಂಜರ್‌ಗಳಿಗೆ ಬಲು ಇಷ್ಟ, ಆಫೀಸರ್‌ಗಳಿಗೆ ಸ್ವಲ್ಪ ಅನುಮಾನ. ನನ್ನ ಕೇಳಿದ್ರೆ, ನಿಧಾನಕ್ಕೆ ವಾಲೋ ಹಡಗಲ್ಲಿ ನಾನು ಚೆನ್ನಾಗಿ ನಿದ್ದೆ ಮಾಡ್ತೀನಿ, ಆದ್ರೆ ನಿನ್ನೆಗಿಂತ ಇವತ್ತು ಇನ್ನೂ ನಿಧಾನ ಆಗಿದೆ ಅಂತ ಅನ್ಸಿದ್ರೆ ಎದ್ದು ಕೂತ್ಕೊತೀನಿ. ಯಾಕಂದ್ರೆ ಜಿಎಮ್ ಪ್ರಯಾಣದಲ್ಲಿ ತಾನಾಗೇ ಕಮ್ಮಿ ಆಗ್ಬೋದು. ತಳದ ಟ್ಯಾಂಕಲ್ಲಿರೋ ಎಣ್ಣೆ ಸುಟ್ಟು ಖಾಲಿ ಆಗ್ತಾ ಬಂದ್ರೆ ತಳದ ಭಾರ ಹೋಯ್ತು. ಡೆಕ್ ಮೇಲೆ ಮರದ ದಿಮ್ಮಿ ಇದ್ದು ಅದು ನೀರು ಕುಡಿದ್ರೆ ಮೇಲಿನ ಭಾರ ಏರ್ತು. ಚಳಿ ದೇಶದ ಸಮುದ್ರದಲ್ಲಿ ಕಂಬ, ಹಗ್ಗಗಳ ಮೇಲೆಲ್ಲ ಮಂಜು ಗಟ್ಟಿ ಕಟ್ಟುತ್ತೆ, ಅದಂತೂ ಸಣ್ಣ ಮೀನುಗಾರಿಕೆ ಬೋಟುಗಳ ಪಾಲಿಗೆ ಯಮ. ಒಂದ್ ಕಡೆಗೆ ವಾಲಿದ ಹಡಗು ತುದೀಲಿ ನಿಂತು, ವಾಪಸ್ ಬರ್ಲೋ ಬೇಡ್ವೋ ಅಂತ ಯೋಚ್ನೆ ಮಾಡೋ ತರ ತಡ ಮಾಡಿದ್ರೆ ಕ್ಯಾಪ್ಟನ್‌ನ ಎಬ್ಬಿಸ್ಬೇಕು. ಸಣ್ಣ ಹಡಗುಗಳಿಗೆ ಇದೇ ಒಂದು ಅಧಿಕೃತ ಪರೀಕ್ಷೆನೂ ಹೌದು, ಬಂದರಲ್ಲಿ ಅಲುಗಾಡಿಸಿ, ಗಡಿಯಾರ ಹಿಡಿದು, ಸೆಕೆಂಡಿಂದ ಜಿಎಮ್ ಲೆಕ್ಕ ಹಾಕ್ತಾರೆ.

ಸ್ಟಿಫ್ ಹಡಗು ಮಗುಚಲ್ಲ ತಾನೆ, ಮೈಕೈ ನೋವು ತಡ್ಕೊಂಡ್ರಾಯ್ತು ಅಂತೀರಾ? 2019ರ ಜನವರಿ 1ರ ರಾತ್ರಿ ಎಮ್‌ಎಸ್‌ಸಿ ಜೊಯಿ ಅನ್ನೋ ದೈತ್ಯ ಕಂಟೇನರ್ ಹಡಗು, ಅಗಲ 59 ಮೀಟರ್, ಹಾಲೆಂಡಿನ ಉತ್ತರದ ದ್ವೀಪಗಳ ಪಕ್ಕ ಹೋಗ್ತಿತ್ತು. ಅಷ್ಟು ಅಗಲದ ಹಡಗಿಗೆ ಎತ್ತೋ ಶಕ್ತಿ ಸಿಕ್ಕಾಪಟ್ಟೆ. ಪಕ್ಕದಿಂದ ಬಂದ ಅಲೆಗೆ ವಾಲಿತು, ಜೋರಾಗಿ ವಾಪಸ್ ಬಂತು, ಆ ಎಳೆತಕ್ಕೆ ಕಂಟೇನರ್ ಕಟ್ಟಿದ ಲ್ಯಾಶಿಂಗ್ ಕಂಬಿಗಳು ಕಿತ್ಕೊಂಡ್ವು. 342 ಕಂಟೇನರ್ ನೀರಿಗೆ. ದ್ವೀಪದ ದಡದ ತುಂಬ ಟೀವಿ, ಆಟದ ಸಾಮಾನು, ಪ್ಲಾಸ್ಟಿಕ್ ಗುಂಡುಗಳು. ಹಡಗು ಮಾತ್ರ ಮುಳುಗ್ಲಿಲ್ಲ.

ಪ್ರಶ್ನೆ: ನಾನು ಮೈಸೂರಲ್ಲಿ ಫಿಸಿಕ್ಸ್ ಓದ್ತಿದೀನಿ. ಅಲೆಯ ಪೀರಿಯಡ್ (ಒಂದು ಸಲ ಬಂದು ಹೋಗೋಕೆ ಆಗೋ ಸಮಯ) ಹಡಗಿನ ಪೀರಿಯಡ್ಡಿಗೆ ಮ್ಯಾಚ್ ಆದ್ರೆ ರೆಸೊನೆನ್ಸ್ ಆಗಿ ಜಾಸ್ತಿ ವಾಲುತ್ತೆ ಅಂತ ಅರ್ಥ ಆಗುತ್ತೆ. ಆದ್ರೆ ಎದುರಿಂದ ಬರೋ ಅಲೆಗೂ ಹಡಗು ಪಕ್ಕಕ್ಕೆ ವಾಲುತ್ತೆ ಅಂತ ಒಂದ್ ಕಡೆ ಓದ್ದೆ. ಎದುರಿನ ಅಲೆಗೆ ಹಿಂದೆ ಮುಂದೆ ತಾನೆ ಆಡ್ಬೇಕು? ಪಕ್ಕಕ್ಕೆ ಹೇಗೆ?
(ವಿದ್ಯಾರ್ಥಿನಿ, ಮೈಸೂರು)

ಉತ್ತರ: ಈ ಪ್ರಶ್ನೆಗೆ ಇಡೀ ಕಾಲಂ ಕೊಟ್ರೂ ಸಾಲ್ದು ಕಣಮ್ಮ, ಇಷ್ಟು ಒಳ್ಳೆ ಪ್ರಶ್ನೆ ಕೇಳಿದ್ದಕ್ಕೆ ಖುಷಿ ಆಯ್ತು.

ಮೊದ್ಲು ಒಂದು ಲೆಕ್ಕ. ಆಳ ಸಮುದ್ರದಲ್ಲಿ ಅಲೆಯ ಉದ್ದ ಅಂದ್ರೆ ಪೀರಿಯಡ್‌ನ ವರ್ಗ ಇಂಟು 1.56 ಮೀಟರ್. 12 ಸೆಕೆಂಡಿನ ಸ್ವೆಲ್ (ದೂರದಿಂದ ಬರೋ ಉದ್ದನೆ ಅಲೆ) ತಗೋ, ಉದ್ದ ಸುಮಾರು 225 ಮೀಟರ್, ಓಡೋ ವೇಗ ಸೆಕೆಂಡಿಗೆ ಸುಮಾರು 18.7 ಮೀಟರ್. ಮೇಲೆ ಹೇಳಿದ 32 ಮೀಟರ್ ಅಗಲದ, 18 ಸೆಕೆಂಡಿನ ಹಡಗು 15 ನಾಟ್ ವೇಗದಲ್ಲಿ, ಅಂದ್ರೆ ಸೆಕೆಂಡಿಗೆ 7.7 ಮೀಟರ್, ಹೋಗ್ತಿದೆ. ಅಲೆ ಸೀದಾ ಪಕ್ಕದಿಂದ ಬಂದ್ರೆ ಹಡಗಿಗೆ ಅದು 12 ಸೆಕೆಂಡಿಗೊಂದು, 18ಕ್ಕೆ ದೂರ, ಪರ್ವಾಗಿಲ್ಲ. ಸೀದಾ ಹಿಂದಿನಿಂದ ಬಂದ್ರೆ ಹಡಗೂ ಅದೇ ದಿಕ್ಕಲ್ಲಿ ಓಡ್ತಿರೋದ್ರಿಂದ 20 ಸೆಕೆಂಡಿಗೊಂದು ಸಿಗುತ್ತೆ, ಹಿಂದಿನ ಮೂಲೆಯಿಂದ 45 ಡಿಗ್ರಿಲಿ ಬಂದ್ರೆ 17. ನಡುವೆ ಎಲ್ಲೋ 18 ಕೂತಿದೆ! ಒಂದೇ ಸಮುದ್ರ, ಒಂದೇ ಅಲೆ, ಹಡಗಿನ ಮೂತಿ ತಿರುಗಿದ್ರೆ ಎಲ್ಲ ಬದಲು. ಅದಕ್ಕೇ ಅಲೆ ಎಷ್ಟು ಎತ್ತರ ಅಂತ ಟೀವಿಯೋರು ಕೂಗಾಡೋದು ಅರ್ಧ ಸತ್ಯ. ದೂರದ ಬಿರುಗಾಳಿಯಿಂದ ಹುಟ್ಟಿ ಇಲ್ಲಿಗೆ ಬರೋ ತಗ್ಗು ಉದ್ದ ಸ್ವೆಲ್ ಇರುತ್ತೆ, ಕಣ್ಣಿಗೆ ಕಾಣೋದೂ ಇಲ್ಲ ಸರಿಯಾಗಿ, ಗಾಳಿನೂ ಇರಲ್ಲ, ಅದರ ಮೇಲೆ ದೊಡ್ಡ ಹಡಗು ಸಿಕ್ಕಾಪಟ್ಟೆ ತೂಗಾಡುತ್ತೆ. ಪಕ್ಕದಲ್ಲೇ ಎದ್ದ ಗಾಳಿಗೆ ನೊರೆ ಕಾರೋ 5 ಸೆಕೆಂಡಿನ ಗಿಡ್ಡ ಅಲೆಗಳು ಸದ್ದು ಜಾಸ್ತಿ, ದೊಡ್ಡ ಹಡಗು ಕ್ಯಾರೇ ಅನ್ನಲ್ಲ. ಹಡಗು ತೂಗೋ ವಿಷಯ ಅಲೆಯ ಎತ್ತರದ್ದಲ್ಲ, ಅಲೆಯ ಇಳಿಜಾರು ಮತ್ತು ಟೈಮಿಂಗ್‌ದು ಅಂತ 1861ರಲ್ಲೇ ಇಂಗ್ಲೆಂಡಿನ ವಿಲಿಯಂ ಫ್ರೌಡ್ ತೋರಿಸಿದ್ರು.

ಈಗ ನಿನ್ನ ಎದುರಿನ ಅಲೆ. ಅದೇ ಹಡಗಿಗೆ ಅದೇ ಅಲೆ ಎದುರಿಂದ ಬಂದ್ರೆ ಎಷ್ಟು ಸೆಕೆಂಡ್? 225 ಭಾಗಿಸು 26.4, ಎಂಟೂವರೆ ಬರುತ್ತೆ. 18ರ ಅರ್ಧದ ಹತ್ತತ್ರ. ಈ ಅರ್ಧದಲ್ಲೇ ಇರೋದು ಕಿತಾಪತಿ. ಕಂಟೇನರ್ ಹಡಗಿನ ಮೂತಿ ಹೂವಿನ ತರ ಮೇಲಕ್ಕೆ ಅಗಲ ಆಗ್ತಾ ಹೋಗುತ್ತೆ, ಹಿಂಭಾಗದಲ್ಲೂ ನೀರಿನ ಮೇಲೆ ಚಪ್ಪಟೆ ಅಗಲ. ಅಲೆಯ ಉದ್ದ ಹಡಗಿನ ಉದ್ದದ ಆಸುಪಾಸು ಇದ್ದಾಗ, ಅಲೆಯ ನೆತ್ತಿ ಹಡಗಿನ ನಡುವಿಗೆ ಬಂತು ಅನ್ನು, ಮೂತಿ ಮತ್ತು ಹಿಂಭಾಗ ಎರಡೂ ತಗ್ಗಲ್ಲಿ, ಅಂದ್ರೆ ಅಲ್ಲಿ ನೀರಿಗೆ ತಾಗ್ತಿರೋದು ಕೆಳಗಿನ ಸಣ್ಣ ಭಾಗ ಮಾತ್ರ. ನೀರಿನ ಮಟ್ಟದಲ್ಲಿ ಹಡಗಿನ ಅಗಲ ಕಮ್ಮಿ ಆಯ್ತು, ಜಿಎಮ್ ಕುಸೀತು. ಇನ್ನರ್ಧ ಅಲೆ ದಾಟಿ ತಗ್ಗು ನಡುವಿಗೆ ಬಂದಾಗ ಮೂತಿ, ಹಿಂಭಾಗ ಎರಡೂ ನೀರಲ್ಲಿ ಆಳವಾಗಿ ಮುಳುಗಿ ಅಗಲ ಜಾಸ್ತಿ, ಜಿಎಮ್ ಜಿಗೀತು. ಅಂದ್ರೆ ಅಲೆ ಹಡಗನ್ನ ಪಕ್ಕಕ್ಕೆ ತಳ್ತಾನೇ ಇಲ್ಲ, ಅದರ ಎತ್ತೋ ಶಕ್ತಿಯನ್ನೇ ಒಂದ್ಸಲ ಕಿತ್ಕೊಂಡು ಒಂದ್ಸಲ ಎರಡರಷ್ಟು ಕೊಡ್ತಿದೆ. ಹಡಗು ಸ್ವಲ್ಪ ವಾಲಿದೆ ಅಂತಿಟ್ಕೋ, ಜಿಎಮ್ ಜಾಸ್ತಿ ಇದ್ದಾಗ ಜೋರಾಗಿ ನಡುವಿಗೆ ವಾಪಸ್ ಬಂತು, ನಡು ದಾಟಿ ಆ ಕಡೆ ಹೋಗುವಾಗ ಜಿಎಮ್ ಕಮ್ಮಿ, ತಡೆಯೋರೇ ಇಲ್ಲ, ಇನ್ನೂ ಜಾಸ್ತಿ ವಾಲುತ್ತೆ. ಮತ್ತೆ ಜಾಸ್ತಿ, ಮತ್ತೆ ಕಮ್ಮಿ. ಒಂದು ತೂಗಾಟಕ್ಕೆ ಎರಡು ಅಲೆ. ಮೊದ್ಲು ಎರಡು ಮೂರು ಡಿಗ್ರಿ ಇದ್ದಿದ್ದು ಐದಾರು ತೂಗಾಟದಲ್ಲಿ 30 ದಾಟುತ್ತೆ. ಇದನ್ನ ಪ್ಯಾರಾಮೆಟ್ರಿಕ್ ರೋಲಿಂಗ್ ಅಂತಾರೆ. ನಿಂಗೆ ಮ್ಯಾಥ್ಸ್ ಇಷ್ಟ ಇದ್ರೆ ಮ್ಯಾಥ್ಯೂ ಸಮೀಕರಣ ಹುಡುಕು, ಎಲ್ಲ ಅದ್ರಲ್ಲಿದೆ.

1998ರ ಅಕ್ಟೋಬರಲ್ಲಿ ಉತ್ತರ ಪೆಸಿಫಿಕ್‌ನಲ್ಲಿ ಎಪಿಎಲ್ ಚೈನಾ ಅನ್ನೋ ಹಡಗಿಗೆ ಆಗಿದ್ದು ಇದೇ. ಕ್ಯಾಪ್ಟನ್ ಹಳೇ ಕಾಲದ ಪಾಠದ ಪ್ರಕಾರ ಬಿರುಗಾಳಿಲಿ ಮೂತಿನ ಅಲೆಗೆ ಕೊಟ್ಟು, ವೇಗ ಇಳ್ಸಿ ಕಾಯ್ತಿದ್ರು. ಹಡಗು 35-40 ಡಿಗ್ರಿ ವಾಲೋಕೆ ಶುರುವಾಯ್ತು. ಸುಮಾರು 400 ಕಂಟೇನರ್ ಸಮುದ್ರ ಪಾಲು, ಹೆಚ್ಚು ಕಮ್ಮಿ ಅಷ್ಟೇ ಜಜ್ಜಿ ಹೋದ್ವು. ಅಲ್ಲಿ ತನಕ ಪುಸ್ತಕದ ಮೂಲೇಲಿ ಇದ್ದ ವಿಷಯವನ್ನ ಅದಾದ ಮೇಲೆ ಎಲ್ಲರೂ ಗಂಭೀರವಾಗಿ ತಗೊಂಡ್ರು. ತಪ್ಪಿಸ್ಕೊಳೋ ದಾರಿ ಕಷ್ಟದ್ದೇನಲ್ಲ, ವೇಗ ಅಥವಾ ದಿಕ್ಕು ಬದಲಾಯಿಸಿ ಆ ಅರ್ಧದ ಲೆಕ್ಕ ಮುರಿದ್ರೆ ಆಯ್ತು. ಕಷ್ಟ ಇರೋದು ಕತ್ತಲಲ್ಲಿ, ಮಳೇಲಿ, ಅಲೆಯ ಸೆಕೆಂಡ್ ಎಣಿಸೋದ್ರಲ್ಲಿ.

ಪ್ರಶ್ನೆ: ಅಲೆ ಬಿಡಿ, ಬರೀ ಗಾಳಿಗೇ ಹಡಗು ಮಗುಚಿದ ಉದಾಹರಣೆ ಇದ್ಯಾ?
(ನಿವೃತ್ತ ಇತಿಹಾಸ ಅಧ್ಯಾಪಕರು, ಶ್ರೀರಂಗಪಟ್ಟಣ)

ಉತ್ತರ: ಇದೆ ಸಾರ್, ಇತಿಹಾಸದಲ್ಲೇ ಫೇಮಸ್. 1628ರ ಆಗಸ್ಟ್ 10ಕ್ಕೆ ಸ್ವೀಡನ್ನಿನ ರಾಜನ ಹೊಸ ಯುದ್ಧನೌಕೆ ವಾಸಾ ಸ್ಟಾಕ್‌ಹೋಮಿಂದ ಮೊದಲ ಸಲ ಹೊರಡ್ತು. ಸುಮಾರು 1300 ಮೀಟರ್ ಹೋಗಿರ್ಬೇಕು, ಒಂದು ಗಾಳಿ ಬೀಸ್ತು, ವಾಲ್ತು, ತೆರೆದಿದ್ದ ಕೆಳಗಿನ ಫಿರಂಗಿ ಕಿಂಡಿಗಳಲ್ಲಿ ನೀರು ನುಗ್ತು, ಮುಳುಗ್ತು. ಹೇಳ್ಕೊಳೋ ಅಂಥ ಬಿರುಗಾಳಿ ಏನಲ್ಲ ಅದು. 64 ಫಿರಂಗಿ, ಮೇಲಕ್ಕೆ ಮೇಲಕ್ಕೆ ಕಟ್ಟಿದ ಡೆಕ್ಕು, ತಳದಲ್ಲಿ ಕಲ್ಲಿನ ಭಾರ ಸಾಲ್ತಿರ್ಲಿಲ್ಲ. ನೋವಿನ ಸಂಗತಿ ಏನಂದ್ರೆ ಹೊರಡೋ ಮುಂಚೇನೇ 30 ಜನರನ್ನ ಡೆಕ್ ಮೇಲೆ ಈ ಕಡೆಯಿಂದ ಆ ಕಡೆ ಓಡಿಸಿ ಪರೀಕ್ಷೆ ಮಾಡಿದ್ರು, ಹಡಗು ಎಷ್ಟು ಅಲ್ಲಾಡ್ತು ಅಂದ್ರೆ ಭಯ ಬಿದ್ದು ಓಡೋದನ್ನ ನಿಲ್ಲಿಸಿದ್ರು. ಆದ್ರೆ ರಾಜರಿಗೆ ಹೇಳೋರು ಯಾರು? ರಾಜ ದೂರದಲ್ಲಿ ಯುದ್ಧದಲ್ಲಿದ್ದ, ಬೇಗ ಕಳ್ಸಿ ಅಂತಿದ್ದ. 1961ರಲ್ಲಿ ಮೇಲೆತ್ತಿದ್ರು, ಈಗ ಮ್ಯೂಸಿಯಂನಲ್ಲಿದೆ.

ಅದಕ್ಕಿಂತ ಪಾಠ ಜಾಸ್ತಿ ಇರೋದು ಬ್ರಿಟಿಷರ ಎಚ್‌ಎಮ್‌ಎಸ್ ಕ್ಯಾಪ್ಟನ್ ಅನ್ನೋ ಯುದ್ಧನೌಕೆ ಕಥೇಲಿ. 1870ರ ಸೆಪ್ಟೆಂಬರ್ 7ರ ನಡುರಾತ್ರಿ ಸ್ಪೇನಿನ ಫಿನಿಸ್ಟೆರೆ ಭೂಶಿರದ ಹತ್ರ ಹಾಯಿ ಕಟ್ಕೊಂಡು ಹೋಗ್ತಿದ್ದಾಗ ಗಾಳಿ ಏರ್ತು, ಮಗುಚ್ಕೊಂಡು ಸುಮಾರು 480 ಜನ ಹೋದ್ರು, ಅದನ್ನ ವಿನ್ಯಾಸ ಮಾಡಿದ ಕೌಪರ್ ಕೋಲ್ಸ್ ಕೂಡ. ಅದೇ ದಂಡಲ್ಲಿದ್ದ ಮೊನಾರ್ಕ್ ಹಡಗಿಗೆ ಏನೂ ಆಗ್ಲಿಲ್ಲ. ಎರಡಕ್ಕೂ ವ್ಯತ್ಯಾಸ ಏನು? ನೀರಿನ ಮೇಲೆ ಉಳಿಯೋ ಪಕ್ಕದ ಎತ್ತರ. ಕ್ಯಾಪ್ಟನ್‌ದು ಎರಡು ಮೀಟರ್ ಅಷ್ಟೇ. ಸಣ್ಣ ವಾಲಿಕೆಗೆ ಅದೂ ಗಟ್ಟಿಯಾಗೇ ನಿಲ್ತಿತ್ತು, ಆದ್ರೆ ಡೆಕ್ ಅಂಚು ಬೇಗ ನೀರಲ್ಲಿ ಮುಳುಗೋದ್ರಿಂದ ಎತ್ತೋ ಶಕ್ತಿ 21 ಡಿಗ್ರಿಗೇ ತುದಿ ಮುಟ್ಟಿ ಇಳಿಯೋಕೆ ಶುರು. ಮೊನಾರ್ಕ್‌ದು 40ರ ಹತ್ರ. ಶಾಂತ ಬಂದರಲ್ಲಿ ಎರಡೂ ಗಟ್ಟಿಯಾಗೇ ನಿಲ್ತಿದ್ವು.

ಈಗಿನ ನಿಯಮ ಗಾಳಿಯ ಲೆಕ್ಕವನ್ನ ಹೀಗೆ ಇಟ್ಕೊಂಡಿದೆ: ಸೆಕೆಂಡಿಗೆ 26 ಮೀಟರ್, ಅಂದ್ರೆ ಗಂಟೆಗೆ ಸುಮಾರು 94 ಕಿಲೋಮೀಟರ್ ಗಾಳಿ ಪಕ್ಕದಿಂದ ಒಂದೇ ಸಮ ಬೀಸ್ತಿದೆ, ಅದರಿಂದ ಹಡಗು ಸ್ವಲ್ಪ ವಾಲಿ ನಿಂತಿದೆ, ಆ ವಾಲಿಕೆ 16 ಡಿಗ್ರಿ ಮೀರಬಾರ್ದು. ಆಮೇಲೆ ಅಲೆಗೆ ತೂಗಿ ಗಾಳಿ ಬರೋ ಕಡೆಗೇ ವಾಲಿದೆ. ಸರಿಯಾಗಿ ಆ ಹೊತ್ತಿಗೆ ಒಂದು ರಭಸದ ಗಾಳಿ, ಒತ್ತಡ ಒಂದೂವರೆ ಪಟ್ಟು. ಹಡಗು ವಾಪಸ್ ಬರೋ ರಭಸ ಮತ್ತು ಗಾಳಿಯ ರಭಸ ಎರಡೂ ಸೇರಿ ಆ ಕಡೆಗೆ ಒಗೆಯುತ್ತೆ, ಅದನ್ನ ತಡ್ಕೊಂಡ್ರೆ ಪಾಸ್. ಇಲ್ಲೂ ನೋಡಿ, ಗಾಳಿ ಎಷ್ಟು ಅನ್ನೋದಕ್ಕಿಂತ ಯಾವ ಹೊತ್ತಿಗೆ ಅನ್ನೋದು ಮುಖ್ಯ.

ಪ್ರಶ್ನೆ: ನಮ್ಮ ಮಂಗಳೂರಲ್ಲೇ ಅದಿರು ತುಂಬಿದ ಹಡಗು ಮುಳುಗಿತ್ತಂತೆ, ಅದಿರು ಕಲ್ಲು ತಾನೆ, ಅದು ಹೇಗೆ ಮುಳುಗಿಸುತ್ತೆ?
(ಓದುಗರು, ಪಾಂಡವಪುರ)

ಉತ್ತರ: 2009ರ ಜುಲೈ, ಏಷಿಯನ್ ಫಾರೆಸ್ಟ್ ಅಂತ ಹೆಸರು. ನವಮಂಗಳೂರು ಬಂದರಿಂದ ಕಬ್ಬಿಣದ ಅದಿರಿನ ಪುಡಿ ತುಂಬ್ಕೊಂಡು ಹೊರಟಿದ್ದು, ಸ್ವಲ್ಪದರಲ್ಲೇ ವಾಲಿ ಮುಳುಗ್ತು, ಸಿಬ್ಬಂದಿ ಬಚಾವಾದ್ರು. ಅದೇ ವರ್ಷ ಸೆಪ್ಟೆಂಬರಲ್ಲಿ ಒಡಿಶಾದ ಪಾರಾದೀಪ್ ಹತ್ರ ಬ್ಲ್ಯಾಕ್ ರೋಸ್ ಮುಳುಗ್ತು, ಅದ್ರಲ್ಲೂ ಅದಿರಿನ ಪುಡಿನೇ.

ಕಲ್ಲಲ್ಲ ಅದು, ನುಣ್ಣನೆ ಪುಡಿ. ಮಳೆಗಾಲದಲ್ಲಿ ಬಯಲಲ್ಲಿ ರಾಶಿ ಹಾಕಿರ್ತಾರೆ, ನೀರು ಕುಡಿದಿರುತ್ತೆ, ಮೇಲೆ ನೋಡಿದ್ರೆ ಒಣಗಿದಂಗೆ ಇರುತ್ತೆ. ಹಡಗು ತೂಗ್ತಾ ತೂಗ್ತಾ, ಇಂಜಿನ್ ಅದುರ್ತಾ ಅದುರ್ತಾ ಪುಡಿ ಒತ್ಕೊಳುತ್ತೆ, ಕಣಗಳ ನಡುವಿನ ನೀರಿಗೆ ಹೋಗೋಕೆ ಜಾಗ ಇಲ್ಲ, ಒತ್ತಡ ಏರಿ ಇಡೀ ರಾಶಿ ಕೆಸರಾಗುತ್ತೆ. ಆಗ ಹಡಗು ವಾಲಿದ ಕಡೆಗೆ ಸರಕೂ ಹರಿಯುತ್ತೆ, ವಾಪಸ್ ಬರುವಾಗ ಪೂರ್ತಿ ಬರಲ್ಲ. ಮದ್ದೂರಿನ ತಾಯಿಗೆ ಹೇಳಿದ್ನಲ್ಲ, ಒಳಗಿನ ಸಾಮಾನು ಅಲುಗಾಡದೇ ಇದ್ರೆ ಅಂತ, ಇದೇ ಅದು. ಅಲೆ ಬರೀ ನೆಪ. ಇದನ್ನ ಪತ್ತೆ ಮಾಡೋಕೆ ಬಂದರಲ್ಲಿ ಒಂದು ಸುಲಭದ ಪರೀಕ್ಷೆ ಇದೆ, ಡಬ್ಬಿಲಿ ಅರ್ಧ ಅದಿರು ಹಾಕಿ 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ 25 ಸಲ ಕುಟ್ಟೋದು, ಮೇಲೆ ನೀರು ಒಸರಿದ್ರೆ ಅಥವಾ ಹರಿಯೋ ತರ ಆದ್ರೆ ಲೋಡ್ ಮಾಡೋ ಮುಂಚೆ ಲ್ಯಾಬಿಗೆ ಕಳಿಸ್ಬೇಕು. ಲೋಡ್ ಮಾಡೋ ಗಡಿಬಿಡಿಲಿ, ಏಜೆಂಟು ತಲೆ ಮೇಲೆ ನಿಂತಿರುವಾಗ, ಡಬ್ಬಿ ಕುಟ್ಟೋ ತಾಳ್ಮೆ ಇರೋ ಆಫೀಸರ್‌ಗೆ ನಾನು ಕೈ ಮುಗೀತೀನಿ.

ಸಡಿಲ ನೀರಿಗೂ ಇದೇ ಕಥೆ. ಅರ್ಧ ತುಂಬಿದ ಅಗಲ ಟ್ಯಾಂಕ್ ಪೂರ್ತಿ ತುಂಬಿದ್ದಕ್ಕಿಂತ ಅಪಾಯ. ಅದನ್ನ ಉದ್ದಕ್ಕೆ ಒಂದು ಗೋಡೆ ಹಾಕಿ ಎರಡು ಸಮಭಾಗ ಮಾಡಿದ್ರೆ ಆ ಅಪಾಯ ಕಾಲು ಭಾಗಕ್ಕೆ ಇಳಿಯುತ್ತೆ, ಒಂದೇ ಒಂದು ಗೋಡೆಗೆ! ಕಾರು ಸಾಗಿಸೋ ಫೆರಿಗಳಲ್ಲಿ ಹಡಗಿನಷ್ಟೇ ಅಗಲದ ಡೆಕ್ ಖಾಲಿ ಬಿಟ್ಟಿರ್ತಾರೆ, ಗೋಡೆ ಗೀಡೆ ಏನೂ ಇರಲ್ಲ. 1987ರ ಮಾರ್ಚ್ 6ಕ್ಕೆ ಬೆಲ್ಜಿಯಂನ ಝೀಬ್ರುಗ್ಗೆ ಬಂದರಿಂದ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಅನ್ನೋ ಫೆರಿ ಮುಂದಿನ ಬಾಗಿಲು ಮುಚ್ಚದೇ ಹೊರಟು, ಡೆಕ್ಕಿಗೆ ನೀರು ನುಗ್ಗಿ, ನಿಮಿಷಗಳಲ್ಲಿ ಪಕ್ಕಕ್ಕೆ ಬಿತ್ತು. 193 ಜನ ಸತ್ರು. ಅವತ್ತು ಬಿರುಗಾಳಿನೂ ಇರ್ಲಿಲ್ಲ, ದೊಡ್ಡ ಅಲೆನೂ ಇರ್ಲಿಲ್ಲ.

ಪ್ರಶ್ನೆ: ತಲಕಾಡಲ್ಲಿ ತೆಪ್ಪದಲ್ಲಿ ಕೂತಾಗ ಅಂಬಿಗರು ಎದ್ದು ನಿಲ್ಬೇಡಿ ಅಂತ ಬೈದ್ರು. ಅಷ್ಟು ಅಗಲ ಚಪ್ಪಟೆ ಇರೋದು ಮಗುಚುತ್ತಾ?
(ಗೃಹಿಣಿ, ತಿ. ನರಸೀಪುರ)

ಉತ್ತರ: ಬೈದಿದ್ದು ಒಳ್ಳೇದೇ ಆಯ್ತು. ಲೆಕ್ಕ ಹಾಕಿ ನೋಡೋಣ. 2 ಮೀಟರ್ ಅಗಲದ ದುಂಡು ತೆಪ್ಪ, ಜನ ಎಲ್ಲ ಸೇರಿ 400 ಕಿಲೋ ಅಂದ್ಕೊಳಿ. ನೀರಲ್ಲಿ ಮುಳುಗೋದು 13 ಸೆಂಟಿಮೀಟರ್ ಅಷ್ಟೇ, ಎಲ್ರೂ ಕೂತಿದ್ರೆ ಜಿಎಮ್ ಒಂದೂವರೆ ಮೀಟರ್ ದಾಟುತ್ತೆ, ಎಷ್ಟೋ ದೊಡ್ಡ ಹಡಗಿಗೆ ಇರೋಷ್ಟು! ಆದ್ರೆ ಅಂಚು ನೀರಿಂದ 30 ಸೆಂಟಿಮೀಟರ್ ಮೇಲಿದ್ರೆ 17 ಡಿಗ್ರಿ ವಾಲಿದ ತಕ್ಷಣ ನೀರು ಒಳಗೆ. ಹಡಗಿಗೆ ಮುಚ್ಚಿದ ಡೆಕ್ ಇದೆ, 17 ಡಿಗ್ರಿ ಲೆಕ್ಕಕ್ಕಿಲ್ಲ, ತೆಪ್ಪಕ್ಕೆ ಅದೇ ಕೊನೆ. ಎಚ್‌ಎಮ್‌ಎಸ್ ಕ್ಯಾಪ್ಟನ್‌ಗೆ ಇದ್ದಿದ್ದೂ ಇದೇ ತೊಂದರೆ. ನೀವು ಎದ್ದು ನಿಂತು ಸೆಲ್ಫಿಗೆ ಅಂತ ಇನ್ನಿಬ್ಬರನ್ನ ಅದೇ ಅಂಚಿಗೆ ಕರೆದ್ರೆ ಕಾವೇರಿಗೆ ಅಲೆನೂ ಬೇಡ, ಗಾಳಿನೂ ಬೇಡ. ಲೈಫ್ ಜಾಕೆಟ್ ಹಾಕ್ಕೊಂಡಿದ್ರಿ ತಾನೆ?

ಪ್ರಶ್ನೆ: ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗಲ್ಲಿ ಹೋಗ್ಬೇಕು ಅಂತ ಫ್ಯಾಮಿಲಿ ಪ್ಲಾನ್. ನಂಗೆ ಮಡಿಕೇರಿ ಬಸ್ಸಲ್ಲೇ ವಾಂತಿ ಬರುತ್ತೆ. ಹಡಗು ಅಲ್ಲಾಡದಂಗೆ ಏನೋ ರೆಕ್ಕೆ ಇರುತ್ತಂತೆ, ಹೌದಾ? ಯಾವ ಕ್ಯಾಬಿನ್ ತಗೊಳ್ಲಿ?
(ಬ್ಯಾಂಕ್ ಉದ್ಯೋಗಿ, ಕುವೆಂಪುನಗರ, ಮೈಸೂರು)

ಉತ್ತರ: ರೆಕ್ಕೆ ಇರೋದು ನಿಜ, ಫಿನ್ ಸ್ಟೆಬಿಲೈಸರ್ ಅಂತಾರೆ, ನೀರೊಳಗೆ ಎರಡೂ ಪಕ್ಕಕ್ಕೆ ಚಾಚ್ಕೊಂಡು ವಿಮಾನದ ರೆಕ್ಕೆ ತರ ಮೇಲೆ ಕೆಳಗೆ ತಿರುಗಿ ವಾಲಿಕೆ ತಗ್ಗಿಸ್ತವೆ. ಆದ್ರೆ ಹಡಗು ಓಡ್ತಿದ್ರೆ ಮಾತ್ರ ಕೆಲಸ ಮಾಡೋದು, ನಿಂತ್ರೆ ಇಲ್ಲ. ಎಲ್ಲ ಹಡಗಿಗೂ ಅದು ಇರಲ್ಲ. ಹೆಚ್ಚಿನವಕ್ಕೆ ಇರೋದು ಬಿಲ್ಜ್ ಕೀಲ್, ತಳದ ಎರಡೂ ಮೂಲೇಲಿ ಉದ್ದಕ್ಕೆ ಬೆಸೆದ ಕಬ್ಬಿಣದ ಪಟ್ಟಿ, ಮೋಟಾರೂ ಇಲ್ಲ ವೈರೂ ಇಲ್ಲ, ತೂಗುವಾಗ ನೀರನ್ನ ಕಲಕಿ ಶಕ್ತಿ ತಿಂದು ಹಾಕುತ್ತೆ. ದುಡ್ಡಿಗೆ ತಕ್ಕ ಕೆಲಸ ಅಂದ್ರೆ ಅದೇ ಅಂತ ನನ್ನ ಅಭಿಪ್ರಾಯ. ಇವೆಲ್ಲ ವಾಲಿಕೆ ಕಮ್ಮಿ ಮಾಡ್ತವೆ ಅಷ್ಟೇ, ಮೂತಿ ಏರಿ ಇಳಿಯೋದಕ್ಕೆ ಯಾವ್ದೂ ಇಲ್ಲ, ಮತ್ತೆ ವಾಂತಿ ಬರಿಸೋದ್ರಲ್ಲಿ ಆ ಏರಿಳಿತಾನೇ ಮುಂದು.

ಹಾಗಾಗಿ ಹಡಗಿನ ನಟ್ಟನಡುವೆ, ಆದಷ್ಟು ಕೆಳಗಿನ ಡೆಕ್ಕಲ್ಲಿ ಕ್ಯಾಬಿನ್ ಕೇಳಿ. ಮೇಲಿನ ಡೆಕ್ಕು, ಮುಂದಿನ ಕ್ಯಾಬಿನ್ನು, ಕಿಟಕಿ ನೋಟ ಅಂತ ಜಾಸ್ತಿ ದುಡ್ಡು ಕೊಟ್ಟು ಜಾಸ್ತಿ ವಾಂತಿ ಮಾಡ್ಕೋಬೇಡಿ. ಜೂನ್‌ನಿಂದ ಆಗಸ್ಟ್ ಬೇಡ್ವೇ ಬೇಡ, ಮಳೆಗಾಲದ ಅರಬ್ಬಿ ಸಮುದ್ರದಲ್ಲಿ ಅಲೆ 3-4 ಮೀಟರ್ ಇರೋದು ಸಾಮಾನ್ಯ, ಕರ್ನಾಟಕದಲ್ಲಿ ಜೂನ್ ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆನೇ ಬಂದ್ ಇರುತ್ತೆ. ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ. ಹೊರಡೋ ಹಿಂದಿನ ದಿನ ಹೈದರಾಬಾದಿನ ಇನ್‌ಕೊಯಿಸ್ ವೆಬ್‌ಸೈಟಲ್ಲಿ ಅಲೆ ಮುನ್ಸೂಚನೆ ನೋಡಿ, ಎತ್ತರದ ಜೊತೆಗೆ ಪೀರಿಯಡ್ ಅಂತಾನೂ ಕೊಟ್ಟಿರ್ತಾರೆ. ಮಾತ್ರೆ ಡಾಕ್ಟರ್ ಹತ್ರ ಕೇಳಿ ತಗೊಳಿ, ಹಡಗು ಹೊರಟ ಮೇಲಲ್ಲ, ಹೊರಡೋಕೆ ಮುಂಚೆ. ವಾಂತಿ ಶುರುವಾದ ಮೇಲೆ ಮಾತ್ರೆ ಹೊಟ್ಟೇಲಿ ನಿಲ್ಲಲ್ಲ.